ಟಿವಿಯ ಬಣ್ಣ ಕೆಟ್ಟರೆ ‘ಪ್ಯಾನೆಲ್ ಹೋಯ್ತು’ ಎಂದೇ ಅರ್ಥವೇ?

ಗುಬ್ಬಿಯಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯ ಟಿವಿ ಒಂದು ದಿನ ಇದ್ದಕ್ಕಿದ್ದಂತೆ ಕಪ್ಪು-ಬಿಳುಪಾಯಿತು. ‘ಪ್ಯಾನೆಲ್ ಹೋಗಿದೆ, ಹೊಸದೇ ತಗೊಳ್ಳಿ’ ಎಂದು ಯಾರೋ ಹೇಳಿದರು. ತುಮಕೂರಿಗೆ ಸಾಗಿಸಲು ಗೂಡ್ಸ್ ಆಟೋ ಕೂಡ ಗೊತ್ತಾಗಿತ್ತು. ಆದರೆ ತಪ್ಪಿದ್ದದ್ದು ಸೆಟ್‌ಟಾಪ್ ಬಾಕ್ಸ್‌ನ ಒಂದು ಸೆಟ್ಟಿಂಗ್‌ನಲ್ಲಿ. ದುಡ್ಡು ಖರ್ಚು ಮಾಡುವ ಮುನ್ನ ನೀವೇ ಮಾಡಬಹುದಾದ ಕೆಲವು ಪರೀಕ್ಷೆಗಳು ಇಲ್ಲಿವೆ.

ಮೊದಲು ಟಿವಿಯ ಮೆನು ನೋಡಿ

ಟಿವಿಯ ರಿಮೋಟ್‌ನಿಂದ (ಬಾಕ್ಸ್‌ನ ರಿಮೋಟ್ ಅಲ್ಲ) ಮೆನು ತೆರೆಯಿರಿ. ಈ ಮೆನುವನ್ನು ಟಿವಿಯೇ ತಯಾರಿಸುತ್ತದೆ. ಹಾಗಾಗಿ ಚಿತ್ರ ಕೆಟ್ಟಿದ್ದರೂ ಮೆನು ಸ್ವಚ್ಛವಾಗಿದ್ದರೆ ಪ್ಯಾನೆಲ್ ಚೆನ್ನಾಗಿದೆ ಎಂದೇ ಲೆಕ್ಕ. ತೊಂದರೆ ಸಿಗ್ನಲ್, ಬಾಕ್ಸ್, ಕೇಬಲ್ ಅಥವಾ ಸೆಟ್ಟಿಂಗ್‌ನಲ್ಲಿದೆ. ಮೆನು ಮೇಲೂ ಗೆರೆ ಅಥವಾ ಕಲೆ ಕಂಡರೆ ಮಾತ್ರ ಟಿವಿಯೊಳಗಿನ ದೋಷ.

ಯಾವ ಲಕ್ಷಣಕ್ಕೆ ಯಾವ ಕಾರಣ?

ಕಪ್ಪು-ಬಿಳುಪು ಚಿತ್ರ: 1982ರಲ್ಲಿ ದೂರದರ್ಶನ ಬಣ್ಣಕ್ಕೆ ಬಂದಾಗ ಭಾರತ ಆಯ್ದುಕೊಂಡದ್ದು ‘ಪಾಲ್’ ಪದ್ಧತಿ. ಹಳದಿ ಪಿನ್ನಿನ ವಯರ್ ಬಳಸುವವರ ಬಾಕ್ಸ್‌ನಲ್ಲಿ ಇದು ‘ಎನ್‌ಟಿಎಸ್‌ಸಿ’ಗೆ ಬದಲಾಗಿದ್ದರೆ ಬಣ್ಣ ಹೋಗಬಹುದು. ಮತ್ತೆ ‘ಪಾಲ್’ ಆರಿಸಿ.

ಹಸಿರು ಅಥವಾ ಗುಲಾಬಿ ಛಾಯೆ: ಎಚ್‌ಡಿಎಂಐ ಕೇಬಲ್ ಕಿತ್ತು ಮತ್ತೆ ಹಾಕಿ. ಬೇರೆ ಕೇಬಲ್, ಬೇರೆ ಪೋರ್ಟ್ ಕೂಡ ಪ್ರಯತ್ನಿಸಿ.

ಚೌಕ ಚೌಕವಾಗಿ ಒಡೆಯುವುದು: ಇದು ಸಿಗ್ನಲ್ ಸಮಸ್ಯೆ. ಜೋರು ಮಳೆಯ ಹನಿಗಳು ಉಪಗ್ರಹದ ತರಂಗಗಳನ್ನು ಹೀರಿಕೊಳ್ಳುತ್ತವೆ. ಡಿಜಿಟಲ್ ಚಿತ್ರ ಮಸುಕಾಗುವುದಿಲ್ಲ, ಒಡೆದು ನಿಂತುಬಿಡುತ್ತದೆ. ಮಳೆ ಇಲ್ಲದಿದ್ದರೂ ಹೀಗಾದರೆ ಡಿಶ್‌ನ ಎದುರು ನೋಡಿ. ನಮ್ಮ ಭಾಗದಿಂದ ಡಿಟಿಎಚ್ ಉಪಗ್ರಹಗಳು ಆಗ್ನೇಯ ದಿಕ್ಕಿನಲ್ಲಿ, ಎತ್ತರದಲ್ಲಿವೆ. ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಗಳಲ್ಲಿ ಬೆಳೆದ ತೆಂಗಿನ ಗರಿಯೇ ಅಡ್ಡ ಬಂದಿರಬಹುದು.

ಇಡೀ ಪರದೆ, ಮೆನು ಸಮೇತ, ನೀಲಿ ಅಥವಾ ನೇರಳೆ: ಹಿಂದಿನ ಎಲ್‌ಇಡಿ ದೀಪಗಳು ಹಳತಾಗಿರುವ ಸಾಧ್ಯತೆ ಹೆಚ್ಚು.

ಶಬ್ದವಿದೆ, ಚಿತ್ರವಿಲ್ಲ: ಕೋಣೆ ಕತ್ತಲೆ ಮಾಡಿ, ಫೋನಿನ ಟಾರ್ಚ್ ಅನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಪ್ಯಾನೆಲ್ ಕೆಲಸ ಮಾಡುತ್ತಿದೆ, ಬೆಳಕು ಮಾತ್ರ ಹೋಗಿದೆ. ಈ ಎರಡೂ ತೊಂದರೆಗಳಿಗೆ ‘ಬ್ಯಾಕ್‌ಲೈಟ್ ಪಟ್ಟಿ ಮಾತ್ರ ಬದಲಿಸಬಹುದೇ?’ ಎಂದು ರಿಪೇರಿಯವರನ್ನು ಕೇಳಿ. ಅದು ಪ್ಯಾನೆಲ್‌ಗಿಂತ ಅಗ್ಗ.

ಆಯಸ್ಕಾಂತ ತೋರಿಸಿದರೆ ಬಣ್ಣ ಸರಿಹೋಗುತ್ತದೆಯೇ?

ಇಲ್ಲ. ಹಳೆಯ ಡಬ್ಬಾ ಟಿವಿಯಲ್ಲಿ ಎಲೆಕ್ಟ್ರಾನ್ ಕಿರಣಗಳು ಪರದೆಗೆ ಬಡಿದು ಬಣ್ಣ ಮೂಡುತ್ತಿತ್ತು. ಆಯಸ್ಕಾಂತ ಅವುಗಳ ದಾರಿ ತಪ್ಪಿಸಿ ಬಣ್ಣದ ಕಲೆ ಉಂಟುಮಾಡುತ್ತದೆ. ಪಕ್ಕದಲ್ಲಿಟ್ಟ ಸ್ಪೀಕರ್‌ನಿಂದಲೂ ಹೀಗಾಗುತ್ತದೆ. ಸ್ಪೀಕರ್ ದೂರವಿಟ್ಟು, ಅರ್ಧ ಗಂಟೆ ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಒಳಗಿನ ಸುರುಳಿಯೇ ಸಾಮಾನ್ಯವಾಗಿ ಕಲೆ ತೆಗೆಯುತ್ತದೆ. ಎಲ್‌ಇಡಿ ಟಿವಿಯಲ್ಲಿ ಅಂಥ ಕಿರಣಗಳೇ ಇಲ್ಲ, ಹಾಗಾಗಿ ಆಯಸ್ಕಾಂತದಿಂದ ಯಾವ ಪ್ರಯೋಜನವೂ ಇಲ್ಲ.

ಹಿಂಬದಿ ಬಿಚ್ಚಬೇಡಿ

ಡಬ್ಬಾ ಕಲರ್ ಟಿವಿಯ ಪಿಕ್ಚರ್ ಟ್ಯೂಬ್‌ಗೆ 20,000 ವೋಲ್ಟ್‌ಗೂ ಹೆಚ್ಚು ಬೇಕು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ಎಲ್‌ಇಡಿ ಟಿವಿಯ ಪವರ್ ಬೋರ್ಡ್‌ನ ಕೆಪಾಸಿಟರ್ ಕೂಡ ಜೋರಾಗಿ ಶಾಕ್ ಹೊಡೆಯಬಲ್ಲದು. ವಿಡಿಯೋ ನೋಡಿ ಸ್ಕ್ರೂಡ್ರೈವರ್ ಹಿಡಿಯುವುದು ಪ್ರಾಣಕ್ಕೇ ಅಪಾಯ. ಗುದ್ದುವುದೂ ಬೇಡ, ತೆಳು ಪ್ಯಾನೆಲ್ ಒಡೆದೇ ಹೋಗುತ್ತದೆ.

ಫೋನಿನ ಪರದೆ ಹಳದಿಯಾಗಿದ್ದರೆ?

ರಾತ್ರಿ ಹೊತ್ತು ನೀಲಿ ಬೆಳಕು ತಗ್ಗಿಸುವ ಸೆಟ್ಟಿಂಗ್ ಆನ್ ಆಗಿದೆಯೇ ನೋಡಿ. ಗೆರೆ ಅಥವಾ ಕಲೆ ಇದ್ದರೆ ಸ್ಕ್ರೀನ್‌ಶಾಟ್ ತೆಗೆದು ಬೇರೆ ಫೋನಿಗೆ ಕಳಿಸಿ. ಅಲ್ಲಿ ಅದು ಕಾಣದಿದ್ದರೆ ದೋಷ ನಿಮ್ಮ ಪರದೆಯದ್ದು, ಅಲ್ಲೂ ಕಂಡರೆ ಸಾಫ್ಟ್‌ವೇರ್‌ನದ್ದು.

ಕೊನೆಯದಾಗಿ

ಬಣ್ಣ ಕೆಟ್ಟ ಮಾತ್ರಕ್ಕೆ ಪ್ಯಾನೆಲ್ ಹೋಯಿತು ಎನ್ನುವುದು ಸರಿಯಲ್ಲ. ಮೊದಲು ಮೆನು, ಆಮೇಲೆ ಕೇಬಲ್ ಮತ್ತು ಬಾಕ್ಸ್, ಕೊನೆಗೆ ರಿಪೇರಿ. ಚಿಕ್ಕಮ್ಮನ ಟಿವಿ ಆಟೋ ಹತ್ತಲೇ ಇಲ್ಲ, ಈಗಲೂ ಅದೇ ಟಿವಿಯಲ್ಲಿ ಧಾರಾವಾಹಿ ನೋಡುತ್ತಿದ್ದಾರೆ.