ಸ್ಯಾಕ್ಸೋಫೋನ್ ಮೌತ್‌ಪೀಸಿಗೆ ಹಲ್ಲಿನ ಗುರುತು: ಕಡಿಮೆ ಖರ್ಚಿನ ರಕ್ಷಣೋಪಾಯಗಳು

ಗದಗ: ಮದುವೆಯ ಮೆರವಣಿಗೆ, ಜಾತ್ರೆ, ಗಣೇಶೋತ್ಸವ ಯಾವುದೇ ಇರಲಿ, ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ವಾದ್ಯಮೇಳವಿಲ್ಲದೆ ಕಳೆ ಕಟ್ಟುವುದಿಲ್ಲ. ಈ ಸೀಮೆಯ ನಂಟಿದ್ದ ಪಂಡಿತ ಭೀಮಸೇನ ಜೋಶಿ ಅವರು ಬಾಲ್ಯದಲ್ಲಿ ವಾದ್ಯದ ಮೆರವಣಿಗೆಗಳ ಬೆನ್ನುಹತ್ತಿ ಹೋಗಿ ಕಾಣೆಯಾಗುತ್ತಿದ್ದರೆಂಬುದು, ಇದರಿಂದ ಬೇಸತ್ತ ಶಿಕ್ಷಕ ತಂದೆ ಅಂಗಿಯ ಮೇಲೆಯೇ ಹುಡುಗ ತಮ್ಮ ಮಗನೆಂದು ಬರೆದಿಡುತ್ತಿದ್ದರೆಂಬುದು ಸಂಗೀತಾಸಕ್ತರಿಗೆ ಗೊತ್ತಿರುವ ಸಂಗತಿ. ಇಂತಹ ಮೆರವಣಿಗೆಗಳನ್ನೇ ನಂಬಿದ ಸ್ಯಾಕ್ಸೋಫೋನ್ ಮತ್ತು ಕ್ಲಾರಿನೆಟ್ ವಾದಕರಿಗೆ ಮೌತ್‌ಪೀಸ್ ಜೀವನೋಪಾಯದ ಸಾಧನ. ಹಲ್ಲಿನ ಒತ್ತಡದಿಂದ ಅದು ಸವೆಯುವುದನ್ನು ಅಲ್ಪ ವೆಚ್ಚದಲ್ಲಿಯೇ ತಡೆಯಬಹುದಾಗಿದೆ.

ವಾದ್ಯದ ಹಿನ್ನೆಲೆ

ಬೆಲ್ಜಿಯಂ ಮೂಲದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದರು. ಕರ್ನಾಟಕದಲ್ಲಿ ಇದಕ್ಕೆ ಶಾಸ್ತ್ರೀಯ ಸಂಗೀತದ ಮನ್ನಣೆ ತಂದುಕೊಟ್ಟವರು ದಕ್ಷಿಣ ಕನ್ನಡ ಜಿಲ್ಲೆಯ ಕದ್ರಿ ಗೋಪಾಲನಾಥ್ (1949-2019). ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಅವರು 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಪುರಸ್ಕೃತರಾದರು.

ಗುರುತು ಬೀಳುವುದೇಕೆ?

ಸಾಮಾನ್ಯ ಪದ್ಧತಿಯಲ್ಲಿ ಕೆಳಗಿನ ಹಲ್ಲುಗಳನ್ನು ತುಟಿ ಮುಚ್ಚಿರುತ್ತದೆ. ಮೇಲಿನ ಹಲ್ಲುಗಳು ಮಾತ್ರ ನೇರವಾಗಿ ಮೌತ್‌ಪೀಸಿನ ಮೇಲೆ ಕೂರುತ್ತವೆ. ಹಲವು ಮೌತ್‌ಪೀಸುಗಳು ರಬ್ಬರಿಗೆ ಗಂಧಕ ಸೇರಿಸಿ ಗಟ್ಟಿಗೊಳಿಸಿದ ಎಬೊನೈಟ್‌ನಿಂದ ಮಾಡಿದವು. ಹಳೆಯ ಫೌಂಟನ್ ಪೆನ್ನುಗಳಲ್ಲಿ ಬಳಸುತ್ತಿದ್ದುದೂ ಇದೇ ವಸ್ತು. ಹಲ್ಲಿನ ಎನಾಮಲ್ ಇದಕ್ಕಿಂತ ಗಟ್ಟಿ. ಆದ್ದರಿಂದ ದಿನಗಳೆದಂತೆ ಕುಳಿ ಬೀಳುತ್ತದೆ.

ಕುಳಿ ಆಳವಾದಷ್ಟೂ ಹಲ್ಲು ಅಲ್ಲಿಯೇ ಸಿಕ್ಕಿಕೊಂಡು, ಬಾಯಿಯ ಹಿಡಿತವನ್ನು ಹಿಂದೆ ಮುಂದೆ ಸರಿಸಿಕೊಳ್ಳುವುದು ಕಷ್ಟವಾಗುತ್ತದೆ. ಅಲ್ಲಿ ಕೊಳೆಯೂ ನಿಲ್ಲುತ್ತದೆ. ಮಾರುವಾಗ ಬೆಲೆಯೂ ಇಳಿಯುತ್ತದೆ.

ಅಗ್ಗದ ಉಪಾಯಗಳು

* ಅಂಟುವ ಪ್ಯಾಡ್: ಮೌತ್‌ಪೀಸಿಗೆಂದೇ ತಯಾರಾದ ತೆಳುವಾದ ಪ್ಯಾಡುಗಳು ಅತ್ಯುತ್ತಮ ಮಾರ್ಗ. ಸುಮಾರು 0.3 ಮತ್ತು 0.8 ಮಿಲಿಮೀಟರ್ ದಪ್ಪದವು ಪ್ರಚಲಿತದಲ್ಲಿವೆ. ತೆಳುವಾದದ್ದು ಬಾಯಿಯ ಹಿಡಿತವನ್ನು ಹೆಚ್ಚು ಬದಲಿಸುವುದಿಲ್ಲ. ದಪ್ಪನೆಯದು ಹಲ್ಲಿಗೆ ತಟ್ಟುವ ಕಂಪನವನ್ನು ತಗ್ಗಿಸುತ್ತದೆ. ಇವುಗಳ ಬೆಲೆ ಹೊಸ ಮೌತ್‌ಪೀಸಿನ ಬೆಲೆಯ ಅಲ್ಪ ಭಾಗ ಮಾತ್ರ. ಸಣ್ಣ ಊರುಗಳ ಅಂಗಡಿಗಳಲ್ಲಿ ದೊರೆಯದಿದ್ದರೆ ಅಂಚೆ ಅಥವಾ ಅಂತರ್ಜಾಲದ ಮೂಲಕ ತರಿಸಿಕೊಳ್ಳಬಹುದು. ತಂಡದವರು ಒಟ್ಟಾಗಿ ತರಿಸಿದರೆ ಸಾಗಣೆ ವೆಚ್ಚವೂ ಹಂಚಿಹೋಗುತ್ತದೆ.

* ಸೈಕಲ್ ಪ್ಯಾಚ್: ಹಿಂಬದಿಯಲ್ಲೇ ಅಂಟಿರುವ ಪಂಕ್ಚರ್ ಪ್ಯಾಚನ್ನು ಕೆಲವು ವಾದಕರು ಕತ್ತರಿಸಿ ಬಳಸುವುದುಂಟು. ಆದರೆ ಅದು ಬಾಯಿಯಲ್ಲಿಡಲು ತಯಾರಾದ ವಸ್ತುವಲ್ಲ. ದಿನನಿತ್ಯದ ಬಳಕೆಗೆ ಸಲ್ಲದು. ಪಂಕ್ಚರ್ ಸೊಲ್ಯೂಷನ್, ವಿದ್ಯುತ್ ತಂತಿಗೆ ಸುತ್ತುವ ಟೇಪ್ ಹಾಗೂ ಕ್ಷಣದಲ್ಲಿ ಅಂಟುವ ಗೋಂದನ್ನಂತೂ ದೂರವಿಡಬೇಕು.

* ಎರಡೂ ತುಟಿ ಮಡಿಸುವ ಪದ್ಧತಿ: ಮೇಲ್ತುಟಿಯನ್ನೂ ಹಲ್ಲಿನ ಮೇಲೆ ಮಡಿಸಿಕೊಂಡು ನುಡಿಸಿದರೆ ಹಲ್ಲು ಮೌತ್‌ಪೀಸಿಗೆ ತಾಗುವುದೇ ಇಲ್ಲ. ಕಾಸಿನ ಖರ್ಚಿಲ್ಲ. ಆದರೆ ತುಟಿ ಬೇಗನೆ ದಣಿಯುವುದರಿಂದ ನಿತ್ಯ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಬೇಕಾಗುತ್ತದೆ.

ಅಂಟಿಸುವ ಕ್ರಮ

ಮೊದಲು ರೀಡ್ ತೆಗೆದು, ತಣ್ಣೀರು ಹಾಗೂ ಮೃದು ಸಾಬೂನಿನಿಂದ ಮೌತ್‌ಪೀಸನ್ನು ತೊಳೆದು ಸಂಪೂರ್ಣ ಒಣಗಿಸಬೇಕು. ಜಿಡ್ಡಿದ್ದರೆ ಪ್ಯಾಡ್ ನಿಲ್ಲುವುದಿಲ್ಲ. ಹಲ್ಲು ಕೂರುವ ಇಳಿಜಾರಿನ ಮೇಲೆ ಪ್ಯಾಡ್ ಇಟ್ಟು, ಗುಳ್ಳೆ ಉಳಿಯದಂತೆ ಬೆರಳಿನಿಂದ ಒತ್ತಿ ಹಿಡಿಯಬೇಕು. ತುದಿಯ ಅಂಚಿನಿಂದ ಆಚೆಗೆ ಅದು ಚಾಚಬಾರದು. ರಾತ್ರಿ ಅಂಟಿಸಿ ಮರುದಿನ ನುಡಿಸುವುದು ಲೇಸು. ಪ್ಯಾಡಿನಲ್ಲಿ ಹಲ್ಲು ಹೂತ ಗುರುತು ಆಳವಾದರೆ ಅಥವಾ ಅಂಚು ಎದ್ದರೆ ಬದಲಿಸಬೇಕು.

ಕುದಿಯುವ ನೀರು ಮತ್ತು ಪ್ರಖರ ಬಿಸಿಲು ಎಬೊನೈಟ್‌ಗೆ ವೈರಿಗಳು. ಕಪ್ಪು ಬಣ್ಣ ಹಸಿರು-ಕಂದು ಬಣ್ಣಕ್ಕೆ ತಿರುಗಿ, ಗಂಧಕದ ವಾಸನೆ, ಕಹಿ ರುಚಿ ಬರತೊಡಗುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ವಾಹನದೊಳಗೆ ವಾದ್ಯ ಬಿಟ್ಟು ಹೋಗುವವರು ಇದನ್ನು ಗಮನಿಸಬೇಕು.

ಮೂಲ ಕಾರಣ ಅರಿಯಿರಿ

ಗುರುತು ಬಹಳ ಬೇಗ ಆಳವಾಗುತ್ತಿದ್ದರೆ ತಪ್ಪು ಹಿಡಿತದಲ್ಲಿದೆ ಎಂದರ್ಥ. ಮೇಲಿನ ಸ್ವರಗಳಿಗಾಗಿ ಕಚ್ಚಿ ಹಿಡಿಯುವುದು, ಅತಿ ಗಡಸು ರೀಡ್ ಬಳಸುವುದು, ಕೊರಳಪಟ್ಟಿ ತೀರಾ ಸಡಿಲವಾಗಿ ವಾದ್ಯದ ಭಾರ ಬಾಯಿಯ ಮೇಲೆ ಬೀಳುವುದು ಮುಖ್ಯ ಕಾರಣಗಳು. ತಲೆ ಬಾಗಿಸದೆಯೇ ಮೌತ್‌ಪೀಸ್ ಬಾಯಿಗೆ ಬರುವಂತೆ ಪಟ್ಟಿ ಬಿಗಿಗೊಳಿಸಿದರೆ ಅರ್ಧ ಸಮಸ್ಯೆ ಪರಿಹಾರವಾದಂತೆ. ಹಲ್ಲು ನೋಯುತ್ತಿದ್ದರೆ ಅಥವಾ ಸಡಿಲವೆನಿಸಿದರೆ ಪ್ಯಾಡನ್ನೇ ನಂಬಿ ಕೂರದೆ ದಂತವೈದ್ಯರನ್ನು ಕಾಣುವುದು ಒಳಿತು.

ಈಗಾಗಲೇ ಆಳವಾದ ಕುಳಿ ಬಿದ್ದಿರುವ ಮೌತ್‌ಪೀಸನ್ನು ಮನೆಯಲ್ಲಿ ಅರದಿಂದ ಉಜ್ಜಬಾರದು. ತುದಿಯ ಅಳತೆ ಕೂದಲೆಳೆಯಷ್ಟು ಬದಲಾದರೂ ನಾದ ಕೆಡುತ್ತದೆ. ಕುಳಿ ತುಂಬುವ ಕೆಲಸವನ್ನು ಅನುಭವಿ ವಾದ್ಯ ದುರಸ್ತಿಗಾರರಿಗೇ ಒಪ್ಪಿಸತಕ್ಕದ್ದು.