ಸುದ್ದಿ ತಲುಪಿಸಿದ ವೀರ: 1942ರ ಏಪ್ರಿಲ್, ಕಡಲ ಕಾವಲು ವಿಮಾನ ಮತ್ತು ಮದರಾಸು

1942ರ ಏಪ್ರಿಲ್‌ನಲ್ಲಿ ಮದರಾಸು ನಗರವನ್ನು ಆವರಿಸಿದ ಭೀತಿಯನ್ನು ಕುರಿತ ಬರಹಗಳಲ್ಲಿ ಎರಡು ಸಂಗತಿಗಳು ಸಾಮಾನ್ಯವಾಗಿ ಬರುತ್ತವೆ. ಅಗತ್ಯವಿಲ್ಲದವರು ನಗರವನ್ನು ಬಿಟ್ಟು ಹೊರಡಬೇಕೆಂದು ಸರ್ಕಾರವು ಸೂಚಿಸಿದ್ದು ಒಂದು. ಪೀಪಲ್ಸ್ ಪಾರ್ಕಿನ ಮೃಗಾಲಯದಲ್ಲಿದ್ದ ಕ್ರೂರ ಮೃಗಗಳನ್ನು, ಬಾಂಬು ಬಿದ್ದು ಪಂಜರಗಳು ಒಡೆದರೆ ಗತಿಯೇನೆಂಬ ಅಂಜಿಕೆಯಿಂದ, ಗುಂಡಿಕ್ಕಿ ಕೊಂದದ್ದು ಇನ್ನೊಂದು. ಆದರೆ ಆ ಭೀತಿಗೆ ಕಾರಣವಾದ ಜಪಾನೀ ನೌಕಾಬಲವನ್ನು ಹಿಂದೂ ಮಹಾಸಾಗರದ ನಡುವೆ ಮೊದಲು ಕಣ್ಣಾರೆ ಕಂಡು ಸುದ್ದಿ ಕಳುಹಿಸಿದ ವೈಮಾನಿಕನ ಹೆಸರು ಈ ಬರಹಗಳಲ್ಲಿ ವಿರಳ. ಆತನ ಕಾರ್ಯವನ್ನೂ, ಅದಕ್ಕೆ ಅನಂತರ ಕಟ್ಟಲಾದ ಬೆಲೆಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವೀರಗಲ್ಲುಗಳ ಓದಿನಲ್ಲಿ ಬಹುಕಾಲ ಕಳೆದ ಈ ಲೇಖಕನಿಗೆ ಆಧುನಿಕ ಯುದ್ಧವು ಸ್ವಕ್ಷೇತ್ರವಲ್ಲ. ಆದರೂ ವೀರನೆಂದು ಯಾರನ್ನು, ಯಾವ ಆಧಾರದ ಮೇಲೆ ಕರೆಯಬೇಕು ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಲಿಯೊನಾರ್ಡ್ ಬರ್ಚಲ್ 1915ರಲ್ಲಿ ಕೆನಡಾದ ಆಂಟೇರಿಯೋ ಪ್ರಾಂತದ ಸೇಂಟ್ ಕ್ಯಾಥರೀನ್ಸ್‌ನಲ್ಲಿ ಜನಿಸಿದವರು. ಕೆನಡಾ ವಾಯುಪಡೆಯ 413ನೇ ದಳದಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದರು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿದ್ದ ಈ ದಳವನ್ನು ಸಿಂಗಪುರದ ಪತನಾನಂತರ ಸಿಂಹಳದ ದಕ್ಷಿಣ ತೀರದ ಕೊಗ್ಗಲಕ್ಕೆ ಕಳುಹಿಸಲಾಯಿತು. ಬರ್ಚಲ್ ಅಲ್ಲಿಗೆ ತಲುಪಿದ್ದು ಏಪ್ರಿಲ್ 2ರಂದು. ಒಂದು ದಿನ ಕಳೆದು, 4ರ ಬೆಳಗಿನ ಜಾವ, ಅವರು ಕಾವಲು ಹಾರಾಟಕ್ಕೆ ಹೊರಟರು.

ಅವರು ನಡೆಸಿದ್ದು ಕ್ಯಾಟಲೀನಾ ಎಂಬ ವಿಮಾನ. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿಯು ನೌಕಾಪಡೆಗಾಗಿ ರೂಪಿಸಿದ ಈ ಗಸ್ತು ಬಾಂಬರ್ ವಿಮಾನದ ಒಡಲು ದೋಣಿಯಂತಿದ್ದು, ನೀರಿನ ಮೇಲಿಂದಲೇ ಏರಿ ನೀರಿನ ಮೇಲೆಯೇ ಇಳಿಯುತ್ತಿತ್ತು. ರೆಕ್ಕೆಯ ಅಗಲ 104 ಅಡಿ. ವೇಗವು ಅತ್ಯಲ್ಪ, ತಾಳಿಕೆಯು ಅಪಾರ; ಇಪ್ಪತ್ತು ಗಂಟೆಗೂ ಮೀರಿ ಆಕಾಶದಲ್ಲಿ ಇರಬಲ್ಲದು. ಯುದ್ಧವಿಮಾನಗಳು ಎದುರಾದರೆ ತಪ್ಪಿಸಿಕೊಳ್ಳುವ ಭರವಸೆ ಮಾತ್ರ ಇಲ್ಲ. ಇಡೀ ಬಂಗಾಳ ಕೊಲ್ಲಿಯನ್ನೂ ಅದರ ದಕ್ಷಿಣದ ಕಡಲನ್ನೂ ಕಾಯಲು ಆಗ ಸಿಂಹಳದಲ್ಲಿದ್ದ ಇಂಥ ವಿಮಾನಗಳು ಬೆರಳೆಣಿಕೆಯಷ್ಟು.

ಬರ್ಚಲ್ ಅವರು ಯುದ್ಧಾನಂತರ ನೀಡಿರುವ ವಿವರಣೆಯ ಪ್ರಕಾರ, ಆ ದಿನದ ನಿಯೋಜಿತ ಗಸ್ತು ಬಹುತೇಕ ಮುಗಿದಿತ್ತು. ಕತ್ತಲಲ್ಲಿ ಕೊಗ್ಗಲದ ನೀರಿನ ಮೇಲೆ ಇಳಿಯುವಂತಿರಲಿಲ್ಲ. ಚಂದ್ರೋದಯವಾದರೆ ತಮ್ಮ ಸ್ಥಾನವನ್ನು ನಿಖರವಾಗಿ ಗುರುತಿಸಿಕೊಳ್ಳಬಹುದೆಂದು ದಕ್ಷಿಣಕ್ಕೆ ಇನ್ನೊಂದು ಸುತ್ತು ಹೋದರು. ಸಾಯಂಕಾಲ ನಾಲ್ಕರ ಸುಮಾರಿಗೆ ದಿಗಂತದಲ್ಲಿ ಚುಕ್ಕೆಗಳು ಕಂಡವು. ಸಮೀಪಿಸಿ ನೋಡಿದರೆ ಅಡ್ಮಿರಲ್ ನಾಗುಮೋ ನಾಯಕತ್ವದ ನೌಕಾಬಲ: ಐದು ವಿಮಾನವಾಹಕ ನೌಕೆಗಳು, ನಾಲ್ಕು ಯುದ್ಧನೌಕೆಗಳು, ಅವುಗಳ ಪರಿವಾರ. ನಾಲ್ಕು ತಿಂಗಳ ಹಿಂದೆ ಪರ್ಲ್ ಹಾರ್ಬರನ್ನು ಸುಟ್ಟ ಬಲವೇ ಇದು.

ಹಿಂದಿರುಗಿದ್ದರೆ ಬಹುಶಃ ಬದುಕುತ್ತಿದ್ದರು. ಆದರೆ ಎಷ್ಟು ಹಡಗುಗಳು, ಯಾವ ದಿಕ್ಕು, ಯಾವ ವೇಗ ಎಂಬುದನ್ನು ಹೇಳದ ಸುದ್ದಿಗೆ ಬೆಲೆಯಿಲ್ಲ. ಅದಕ್ಕಾಗಿ ಹತ್ತಿರ ಹೋಗಲೇಬೇಕಾಯಿತು. ಝೀರೋ ವಿಮಾನಗಳು ಮುತ್ತಿದವು. ನಿಸ್ತಂತು ಸಂದೇಶವನ್ನು ಮೂರು ಸಲ ಹೇಳುವುದು ಅಂದಿನ ಕ್ರಮ. ಮೂರನೆಯ ಸಲ ಕಳುಹಿಸುತ್ತಿರುವಾಗಲೇ ಯಂತ್ರವು ಗುಂಡಿಗೆ ಸಿಕ್ಕಿ ನಾಶವಾಯಿತು. ಉರಿಯುತ್ತಿದ್ದ ವಿಮಾನವನ್ನು ಬರ್ಚಲ್ ಕಡಲಿಗೆ ಇಳಿಸಿದರು. ಒಂಬತ್ತು ಮಂದಿಯಲ್ಲಿ ಮೂವರು ಮಡಿದರು. ಆರು ಮಂದಿಯನ್ನು ಇಸೊಕಾಜೆ ಎಂಬ ವಿಧ್ವಂಸಕ ನೌಕೆಯವರು ಸೆರೆಹಿಡಿದರು. ಸಂದೇಶ ಕಳುಹಿಸಲೇ ಇಲ್ಲವೆಂದು ಸೆರೆಯಾಳುಗಳು ಸಾಧಿಸಿದರು. ದುರ್ದೈವವೆಂದರೆ, ಸಂದೇಶವನ್ನು ಮತ್ತೊಮ್ಮೆ ಹೇಳಿರೆಂದು ಕೊಲಂಬೋ ಕೇಳಿದ್ದು ಜಪಾನೀಯರ ಕಿವಿಗೂ ಬಿತ್ತು, ಹೊಡೆತಗಳು ಹೆಚ್ಚಿದವು.

ಮುಂದಿನ ಮೂರು ವರ್ಷಗಳನ್ನು ಬರ್ಚಲ್ ಜಪಾನಿನ ಸೆರೆಶಿಬಿರಗಳಲ್ಲಿ ಕಳೆದರು. ರೋಗಿಗಳನ್ನು ದುಡಿಮೆಗೆ ಎಳೆಯುವುದನ್ನು ಪ್ರತಿಭಟಿಸಿ ಪದೇ ಪದೇ ಪೆಟ್ಟು ತಿಂದರು. ಶಿಬಿರದ ದಿನಚರಿಯನ್ನು ಗುಟ್ಟಾಗಿ ಬರೆದಿಟ್ಟರು. ನೌಕಾಬಲವನ್ನು ಕಂಡುಹಿಡಿದುದಕ್ಕೆ ಡಿ.ಎಫ್.ಸಿ. ಪದಕವೂ ಸೆರೆಯಲ್ಲಿ ತೋರಿದ ನಾಯಕತ್ವಕ್ಕೆ ಓ.ಬಿ.ಇ. ಪ್ರಶಸ್ತಿಯೂ ಅವರಿಗೆ ಸಂದವು. ಎರಡನೆಯದೇ ಹೆಚ್ಚಿನದೆಂದು ಈ ಲೇಖಕನ ಅಭಿಪ್ರಾಯ. ಮೊದಲನೆಯದು ಕೆಲವು ನಿಮಿಷಗಳ ಧೈರ್ಯ. ಎರಡನೆಯದನ್ನು ಪ್ರತಿ ಬೆಳಗೂ ಹೊಸದಾಗಿ ಕೂಡಿಸಿಕೊಳ್ಳಬೇಕಾಗಿತ್ತು. 2004ರಲ್ಲಿ ಅವರು ನಿಧನರಾದರು.

'ಸಿಂಹಳದ ರಕ್ಷಕ' ಎಂಬ ಬಿರುದು ಅವರಿಗೆ ಅಂಟಿಕೊಂಡಿದೆ. ಇದನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ. ದಾಳಿಯ ಸುಳಿವು ಬ್ರಿಟಿಷ್ ನೌಕಾಧಿಪತಿ ಸಾಮರ್‌ವಿಲ್ ಅವರಿಗೆ ಗೂಢಲಿಪಿ ಬಿಡಿಸಿದವರಿಂದ ಮೊದಲೇ ದೊರೆತಿತ್ತು. ಏಪ್ರಿಲ್ 1ರ ಸುಮಾರಿಗೆ ದಾಳಿಯನ್ನು ನಿರೀಕ್ಷಿಸಿ, ಅದು ಬಾರದಿರಲು ಅವರು ಅಡ್ಡು ದ್ವೀಪದ ನೆಲೆಗೆ ಹಿಂದೆ ಸರಿದಿದ್ದರು. ಬರ್ಚಲ್‌ರ ಸುದ್ದಿಯಿಂದ ಕೊಲಂಬೋ ಬಂದರಿನ ಹಡಗುಗಳನ್ನು ಚದುರಿಸಲು ಸಾಧ್ಯವಾಯಿತು ಎಂಬುದು ನಿಶ್ಚಿತ. ಆದರೆ 5ರ ಬೆಳಿಗ್ಗೆ, ಈಸ್ಟರ್ ಭಾನುವಾರ, ನೂರಿಪ್ಪತ್ತಕ್ಕೂ ಹೆಚ್ಚು ಜಪಾನೀ ವಿಮಾನಗಳು ಬಂದಾಗ ರತ್ಮಲಾನದ ಯುದ್ಧವಿಮಾನಗಳು ಇನ್ನೂ ನೆಲದ ಮೇಲೆಯೇ ಇದ್ದವು. ಇನ್ನೂ ಕಠೋರವಾದ ಸಂಗತಿಯಿದೆ. ಸುದ್ದಿ ತಲುಪಿದುದರಿಂದಲೇ ಡಾರ್ಸೆಟ್‌ಶೈರ್ ಮತ್ತು ಕಾರ್ನ್‌ವಾಲ್ ಎಂಬ ಎರಡು ಕ್ರೂಸರ್ ನೌಕೆಗಳು 4ರ ರಾತ್ರಿ ಕೊಲಂಬೋದಿಂದ ಹೊರಬಿದ್ದವು. ಮರುದಿನ ನಡುಗಡಲಿನಲ್ಲಿ ಅವೆರಡೂ ಮುಳುಗಿ 424 ಮಂದಿ ಸತ್ತರು. ಸುದ್ದಿ ತಂದವನ ಹೊಣೆ ಸುದ್ದಿಯನ್ನು ಬಳಸಿದವರ ಹೊಣೆಯಿಂದ ಬೇರೆ. ಇದನ್ನು ಬೇರ್ಪಡಿಸದ ಬರಹವು ಪ್ರಶಸ್ತಿಯಾದೀತು, ಚರಿತ್ರೆಯಾಗದು.

ಇದೇ ವೇಳೆಗೆ ಒಝಾವಾ ನೇತೃತ್ವದ ಇನ್ನೊಂದು ಬಲವು ಬಂಗಾಳ ಕೊಲ್ಲಿಯನ್ನು ಹೊಕ್ಕು ಎರಡು ದಿನಗಳಲ್ಲಿ ಇಪ್ಪತ್ತರಷ್ಟು ವ್ಯಾಪಾರಿ ಹಡಗುಗಳನ್ನು ಮುಳುಗಿಸಿತು. ಏಪ್ರಿಲ್ 6ರಂದು ರ‍್ಯೂಜೋ ನೌಕೆಯ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. ಮದರಾಸಿನ ಜನ ಒಳನಾಡಿನ ಊರುಗಳಿಗೆ ಹೊರಟದ್ದು ಈ ಹಿನ್ನೆಲೆಯಲ್ಲಿ. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದವೆಂಬುದನ್ನು ನೆನೆದರೆ, ಇದು ಕನ್ನಡಿಗರ ಚರಿತ್ರೆಯೂ ಹೌದು.

ಆ ಬಳಿಕ ಕಡಲ ಕಾವಲು ಮದರಾಸಿನ ಹೊಸ್ತಿಲಿಗೇ ಬಂತು. ನಗರಕ್ಕೆ ಕುಡಿಯುವ ನೀರುಣಿಸುವ ಪುಳಲ್ ಕೆರೆಯು, ಅಂದರೆ ರೆಡ್ ಹಿಲ್ಸ್ ಜಲಾಶಯವು, ಕ್ಯಾಟಲೀನಾಗಳ ನೆಲೆಯಾಯಿತು. 1942ರಿಂದ ಬ್ರಿಟಿಷ್ ವಾಯುಪಡೆಯ 240ನೇ ದಳ ಅಲ್ಲಿಂದ ಹಾರಿತು. ಇಂಥ ವಿಮಾನಗಳ ದುರಸ್ತಿ ನಡೆದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ. ಅವು ಬಂದು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯ ಮೇಲೆ. ಎರಡು ಊರಿನ ಎರಡು ಕೆರೆಗಳು ಒಂದು ಮಹಾಯುದ್ಧಕ್ಕೆ ಹೀಗೆ ಬಳಕೆಯಾದದ್ದನ್ನು ಕೆರೆಗಳ ಚರಿತ್ರಕಾರರು ಗಮನಿಸಬೇಕು.

ಚೆನ್ನೈಗೆ ಪಶ್ಚಿಮದಲ್ಲಿರುವ ಅರಕ್ಕೋಣದಲ್ಲಿ 1992ರ ಮಾರ್ಚ್‌ನಲ್ಲಿ ಭಾರತೀಯ ನೌಕಾಪಡೆಯ ರಾಜಾಳಿ ನೆಲೆ ಆರಂಭವಾಯಿತು. ಟುಪೊಲೆವ್ 142 ವಿಮಾನಗಳು 2017ರವರೆಗೆ ಅಲ್ಲಿಂದ ಹಾರಿದವು. 2013ರಿಂದ ಬಂದ ಪಿ-8ಐ ವಿಮಾನಗಳದೂ ಇದೇ ನೆಲೆ. ಕನ್ನಡ ಶಾಸನಗಳ ಅಭ್ಯಾಸಿಗೆ ಈ ಪ್ರದೇಶ ಅಪರಿಚಿತವಲ್ಲ. ಅರಕ್ಕೋಣದ ಸಮೀಪದಲ್ಲೇ ತಕ್ಕೋಲವಿದೆ. 949ರಲ್ಲಿ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದದ್ದು ಅಲ್ಲಿ. ಆ ವಿಜಯವನ್ನು ಹೇಳುವ ಮದ್ದೂರು ತಾಲ್ಲೂಕಿನ ಆತಕೂರು ಶಾಸನದ ಒಂದು ಮಾತನ್ನು ಮೊದಲು ವಂಚನೆಯಿಂದ ಕೊಂದನೆಂಬ ಅರ್ಥದಲ್ಲಿ ಓದಿದವರಿದ್ದರು. ಆನೆಯ ಅಂಬಾರಿಯನ್ನೇ ಕಳನಾಗಿಸಿ ಕಾದಿದನೆಂಬ ಅರ್ಥ ಅನಂತರ ಸ್ಥಿರಪಟ್ಟಿತು. ಒಂದು ಪದದ ಓದಿನಿಂದ ವೀರನು ವಂಚಕನಾಗಬಲ್ಲ. ಬರ್ಚಲ್‌ರ ಬಿರುದನ್ನು ಕುರಿತ ವಾದವೂ ಇಂಥ ಓದಿನ ಪ್ರಶ್ನೆಯೇ.

ಆತಕೂರು ಶಿಲೆಯಲ್ಲಿ ಇನ್ನೊಂದು ವಿಶೇಷವಿದೆ. ಅದು ನೆಟ್ಟದ್ದು ಗೆದ್ದ ಬೂತುಗನಿಗಲ್ಲ. ಅವನ ಸೇವಕ ಮಣಲೇರನ ಬಳಿಯಿದ್ದು, ಹಂದಿಯೊಡನೆ ಕಾದು ಸತ್ತ ಕಾಳಿಯೆಂಬ ನಾಯಿಗೆ. ನಮ್ಮ ವೀರಗಲ್ಲು ಸಾಮಾನ್ಯವಾಗಿ ಮಡಿದವರದು. ಬದುಕುಳಿದ ಬರ್ಚಲ್ ತಮ್ಮ ಕಥೆಯನ್ನು ತಾವೇ ಹೇಳಬಲ್ಲವರಾಗಿದ್ದರು. 4ರ ರಾತ್ರಿ ಅದೇ ನೌಕಾಬಲವನ್ನು ಹಿಂಬಾಲಿಸಿ ಸುದ್ದಿ ಕಳುಹಿಸುತ್ತಿದ್ದ 205ನೇ ದಳದ ಕ್ಯಾಟಲೀನಾದವರು ಹಿಂದಿರುಗಲಿಲ್ಲ. 9ರಂದು, ಟ್ರಿಂಕೋಮಲೆಯ ದಾಳಿಯ ದಿನ, ಶತ್ರುವನ್ನು ಕಂಡು ಸುದ್ದಿ ಕೊಟ್ಟ 413ನೇ ದಳದ ಇನ್ನೊಂದು ವಿಮಾನದವರೂ ಹಿಂದಿರುಗಲಿಲ್ಲ. ಸಮಾಧಿಯಿಲ್ಲದ ಇಂಥ ವೈಮಾನಿಕರ ಹೆಸರುಗಳನ್ನು ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದ ಕಂಬಗಳ ಮೇಲೆ ಕೆತ್ತಲಾಗಿದೆ. ಈ ದಳಗಳ ದೈನಂದಿನ ಕಾರ್ಯಾಚರಣೆಯ ದಾಖಲೆಗಳು ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿವೆ. ಅವುಗಳನ್ನು ರೆಡ್ ಹಿಲ್ಸ್ ಮತ್ತು ಬೆಳ್ಳಂದೂರುಗಳ ಸ್ಥಳೀಯ ನೆನಪುಗಳೊಡನೆ ಇಟ್ಟು ನೋಡುವ ಕೆಲಸ, ಮೂರು ಭಾಷೆ ಬಲ್ಲ ಯಾರಾದರೊಬ್ಬ ಸಂಶೋಧಕನನ್ನು ಕಾಯುತ್ತಿದೆ.