ವಿಡೋಮೇಕರ್‌ನ ಮರೆಗೆ ಸರಿದ ಕುದುರೆಗಳು

ಕೌಬಾಯ್ ಕಥೆಗಳ ಕುದುರೆ ಎಂದರೆ ಅತಿರಂಜಿತ ಕಥೆಗಳ ನಾಯಕ ಪೆಕೋಸ್ ಬಿಲ್ ಡೈನಮೈಟ್ ತಿನ್ನಿಸಿ ಬೆಳೆಸಿದ ವಿಡೋಮೇಕರ್ ಒಂದೇ ಎಂಬಂತೆ ಜಾನಪದ ತರಗತಿಗಳಲ್ಲಿ ಪಾಠ ನಡೆಯುತ್ತದೆ. ಅದರ ಬೆನ್ನಿಗೇ ಜಾನಪದ ವಿದ್ವಾಂಸ ರಿಚರ್ಡ್ ಡಾರ್ಸನ್ 1950ರಲ್ಲಿ ಬಳಸಿದ ‘ಫೇಕ್‌ಲೋರ್’, ಅಂದರೆ ಜಾನಪದದ ಸೋಗು ಹಾಕಿದ ಬರಹ, ಎಂಬ ಮಾತು ಬರುತ್ತದೆ. ಅಲ್ಲಿಗೆ ಪಾಠ ಮುಗಿಯಿತು. ಎಡ್ವರ್ಡ್ ಓ’ರೈಲಿ 1923ರಲ್ಲಿ ಸೆಂಚುರಿ ಪತ್ರಿಕೆಗೆ ಬರೆಯುವ ಮೊದಲು ಬಿಲ್‌ನ ಕಥೆ ಜನರ ಬಾಯಲ್ಲಿತ್ತು ಎನ್ನಲು ಗಟ್ಟಿ ಆಧಾರವಿಲ್ಲ, ನಿಜ. ಆದರೆ ಆ ಒಂದು ತೀರ್ಪಿನ ನೆಪದಲ್ಲಿ ಹುಲ್ಲುಗಾವಲಿನ ಕುದುರೆಗಳನ್ನೆಲ್ಲ ಕೈಬಿಟ್ಟದ್ದು ಅನ್ಯಾಯ.

ಬಿಲ್‌ಗಿಂತ ಬಹಳ ಹಿಂದೆಯೇ ಇನ್ನೊಂದು ಕುದುರೆ ಇತ್ತು. ಯಾರ ಹಗ್ಗಕ್ಕೂ ಸಿಗದ ಬೂದುಬಣ್ಣದ ಕುದುರೆಯೊಂದರ ಸುದ್ದಿಯನ್ನು ವಾಷಿಂಗ್ಟನ್ ಇರ್ವಿಂಗ್ 1832ರ ಪ್ರವಾಸದಲ್ಲಿ ಬಿಡಾರದ ಬೇಟೆಗಾರರಿಂದ ಕೇಳಿದ್ದರು. ಪತ್ರಕರ್ತ ಕೆಂಡಾಲ್ ಬರೆದ 1844ರ ಪ್ರವಾಸಕಥನದಲ್ಲಿ ಅದು ಬಿಳಿಯ ಕುದುರೆ. 1851ರಲ್ಲಿ ಮೆಲ್ವಿಲ್ ಅದನ್ನು ‘ಮೊಬಿ ಡಿಕ್’ಗೂ ಕರೆತಂದರು.

ಚದುರಿದ ಈ ಕಥೆಗಳನ್ನು ಜೋಡಿಸಿಕೊಟ್ಟವರು ಟೆಕ್ಸಸ್‌ನವರು, ಮುಖ್ಯವಾಗಿ ಜೆ. ಫ್ರಾಂಕ್ ಡೋಬಿ. ಅವರ ‘ದಿ ಮಸ್ಟ್ಯಾಂಗ್ಸ್’ (1952) ಇಂದಿಗೂ ಈ ವಿಷಯದ ಅತ್ಯುತ್ತಮ ಪುಸ್ತಕ. ಅದರಲ್ಲಿ ಬಿಳಿಗುದುರೆಯನ್ನು ಎಷ್ಟೇ ಅಟ್ಟಿಸಿಕೊಂಡು ಹೋದರೂ ಅದು ನಾಗಾಲೋಟಕ್ಕೆ ಇಳಿಯುವುದಿಲ್ಲ. ಒಂದು ಮಗ್ಗುಲಿನ ಎರಡೂ ಕಾಲುಗಳನ್ನು ಒಟ್ಟಿಗೆ ಎತ್ತಿಡುವ ನಡೆಯಲ್ಲೇ ಎಲ್ಲರನ್ನೂ ಹಿಂದೆ ಹಾಕುತ್ತದೆ. ಇನ್ನೊಂದು ಕಥೆಯಲ್ಲಿ ಜರ್ಮನ್ ವಲಸಿಗರ ಹುಡುಗಿಯೊಬ್ಬಳನ್ನು ಮುದಿ ಕುದುರೆಯ ಬೆನ್ನಿಗೆ ಕಟ್ಟಿರುತ್ತಾರೆ. ಅದು ದಾರಿ ತಪ್ಪಿ ಕಾಡುಕುದುರೆಗಳ ಹಿಂಡು ಸೇರಿದಾಗ, ಹಗ್ಗ ಕಡಿದು ಅವಳನ್ನು ಕೆಳಗಿಳಿಸುವುದು ಈ ಬಿಳಿಗುದುರೆಯೇ. ಬಿಲ್‌ನ ಆರ್ಭಟವೆಲ್ಲ ಈ ಒಂದು ಪ್ರಸಂಗಕ್ಕೆ ಸಮನಲ್ಲ.

ಇಂಥ ಕಥೆಗಳನ್ನು ಹೇಗೆ ಓದಬೇಕೆಂದು ನಮ್ಮ ತಲೆಮಾರಿಗೆ ದಾರಿ ತೋರಿಸಿದವರು ಜಾನಪದ ವಿದ್ವಾಂಸರಾದ ಅಮೆರಿಕೊ ಪರೇದೆಸ್ ಮತ್ತು ರಿಚರ್ಡ್ ಬೌಮನ್. ಮೆಕ್ಸಿಕೊ ಗಡಿಯ ವೀರನಾಯಕ ಗ್ರೆಗೋರಿಯೊ ಕೊರ್ತೆಸ್‌ನ ಲಾವಣಿಯ ಬಗೆಗಿನ ಪರೇದೆಸ್ ಅವರ 1958ರ ಪುಸ್ತಕ ಗಡಿಯ ಮೆಕ್ಸಿಕನ್ ಜನರ ಕಣ್ಣಿನಿಂದ ಟೆಕ್ಸಸ್ಸನ್ನು ತೋರಿಸಿತು. ಬೌಮನ್ ಟೆಕ್ಸಸ್‌ನ ಕ್ಯಾಂಟನ್ ಊರಿನ ನಾಯಿ ವ್ಯಾಪಾರಿಗಳ ಮಧ್ಯೆ ಕುಳಿತು ಅವರ ಬೊಗಳೆಗಳನ್ನು ಆಲಿಸಿದರು. ಕಥೆ ಅಸಲಿಯೋ ನಕಲಿಯೋ ಎಂಬ ಚರ್ಚೆಯಿಂದ, ಯಾರು ಯಾರಿಗೆ ಹೇಗೆ ಹೇಳಿದರು ಎಂಬಲ್ಲಿಗೆ ನಾವು ಬಂದದ್ದು ಇವರಿಂದ. ಈ ಪ್ರಶ್ನೆಗಳನ್ನು ಎತ್ತದೆ ಫೇಕ್‌ಲೋರ್ ಎಂಬ ಪದವನ್ನಷ್ಟೇ ಹಿಡಿದು ಓಡಾಡುವುದು ಓದಿನ ಸೋಮಾರಿತನ.

ಡೋಬಿಯನ್ನೂ ಈ ಪ್ರಶ್ನೆ ಬಿಡುವುದಿಲ್ಲ. ಮೆಕ್ಸಿಕನ್ ದನಗಾಹಿಗಳಾದ ವಕೇರೊಗಳೊಂದಿಗೆ ಅವರ ಒಡನಾಟ ದೊಡ್ಡದು. ಆದರೆ ಕೇಳಿದ್ದನ್ನೆಲ್ಲ ತಮ್ಮದೇ ಇಂಗ್ಲಿಷಿನಲ್ಲಿ ತಿದ್ದಿ ಬರೆದರು. ಅವರು ಮಾತನಾಡಿಸಿದವರಲ್ಲಿ ಕಪ್ಪು ವರ್ಣೀಯ ಕುದುರೆಗಾರ ಬಾಬ್ ಲೆಮನ್ಸ್ ಒಬ್ಬರು, ಗುಲಾಮಗಿರಿಯಲ್ಲಿ ಹುಟ್ಟಿದವರು. ಲೆಮನ್ಸ್ ಕಾಡುಕುದುರೆಗಳ ಹಿಂಡನ್ನು ಒಬ್ಬರೇ ಹಿಂಬಾಲಿಸುತ್ತಿದ್ದರು. ವಾಸನೆ ಬದಲಾಗಬಾರದೆಂದು ಬಟ್ಟೆ ಬದಲಿಸುತ್ತಿರಲಿಲ್ಲ, ಕುದುರೆ ಬದಲಿಸುತ್ತಿರಲಿಲ್ಲ. ಕೊನೆಗೆ ಹಿಂಡು ಅವರನ್ನೇ ಮುಂದಾಳು ಎಂದು ನಂಬಿ ದೊಡ್ಡಿಯೊಳಗೆ ನಡೆದುಬರುತ್ತಿತ್ತು. ಡೋಬಿಯ ಪುಸ್ತಕಕ್ಕೆ ಸಾಮಗ್ರಿ ಒದಗಿಸಿದವರೆಂದು ಮಾತ್ರ ನೋಡದೆ, ತಮ್ಮದೇ ಧಾಟಿಯುಳ್ಳ ಕಥೆಗಾರರೆಂದು ಲೆಮನ್ಸ್‌ರನ್ನು ಓದುವ ಕೆಲಸ ಬಾಕಿಯಿದೆ. 1930ರ ದಶಕದಲ್ಲಿ ಅಮೆರಿಕ ಸರ್ಕಾರದ ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಟೆಕ್ಸಸ್‌ನ ಮುದಿ ದನಗಾಹಿಗಳಿಂದ ಬರೆದುಕೊಂಡ ನೆನಪುಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಹೊಸದಾಗಿ ಸಂಶೋಧನೆಗೆ ಬರುವವರು ವಿಡೋಮೇಕರ್‌ನನ್ನು ಬದಿಗಿಟ್ಟು ಆ ಕಡತಗಳಿಂದ ಶುರು ಮಾಡಲಿ.